"ಮೇಲಿನವರು ಹೇಳಿದರು, ನಾವು ಮಾಡಿದೆವು" ಎನ್ನುವವರಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸುರಕ್ಷತೆಯ ನಿಯಮಗಳನ್ನೂ ದಾಖಲೆ ಬರೆಯುವ ಕ್ರಮವನ್ನೂ ಕಲಿಸುವುದು ನನ್ನ ಉದ್ಯೋಗ. ಪ್ರತಿ ತಂಡದ ಮುಂದೆಯೂ ನಾನು ಒಂದು ಸಂದರ್ಭವನ್ನು ಇಡುತ್ತೇನೆ: ಯಂತ್ರದ ತಪಾಸಣೆ ನಡೆದಿಲ್ಲ, ಆದರೂ ನಡೆದಿದೆ ಎಂದು ಬರೆದು ಸಹಿ ಹಾಕುವಂತೆ ಮೇಲಧಿಕಾರಿ ಹೇಳುತ್ತಾರೆ, ಆಗ ನೀವೇನು ಮಾಡುವಿರಿ? ಹೆಚ್ಚಿನವರು ತಡವರಿಸದೆ ಕೊಡುವ ಉತ್ತರ ಒಂದೇ: "ಹೇಳಿದವರು ಅವರು, ಆದ್ದರಿಂದ ಹೊಣೆಯೂ ಅವರದೇ." ಹೀಗೆ ಹೇಳುವವರು ಸೋಮಾರಿಗಳಲ್ಲ, ಅಪ್ರಾಮಾಣಿಕರೂ ಅಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂಬುದನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಸದ್ಗುಣವೆಂದೇ ಕಲಿತು ಬಂದವರು. ನನಗೆ ಕಳವಳವಾಗುವುದು ಅದಕ್ಕಾಗಿಯೇ.

ನನ್ನ ಪ್ರಶ್ನೆಗೆ ಎರಡು ಭಾಗಗಳಿವೆ. ಒಳ್ಳೆಯ ಮನುಷ್ಯರು ಕೂಡ, ತಪ್ಪೆಂದು ಕಣ್ಣಿಗೆ ಕಾಣುತ್ತಿರುವ ಆಜ್ಞೆಯನ್ನು ಪಾಲಿಸುವುದು ಏಕೆ? ಶಿಸ್ತನ್ನು ಹಾಳುಮಾಡದೆ, ಪ್ರತಿಯೊಂದು ಸೂಚನೆಯನ್ನೂ ವಾದಕ್ಕೆ ಎಳೆಯುವ ಅಭ್ಯಾಸವನ್ನು ಬೆಳೆಸದೆ, ನಿರಾಕರಿಸಲೇಬೇಕಾದ ಕಡೆ ನಿರಾಕರಿಸುವುದನ್ನು ಕಲಿಸಲು ಸಾಧ್ಯವೇ? "ಧೈರ್ಯವಾಗಿರಿ" ಎಂಬ ಉಪದೇಶಕ್ಕಿಂತ ಗಟ್ಟಿಯಾದ ಏನಾದರೊಂದು ನನಗೆ ಬೇಕಾಗಿದೆ.

ಉತ್ತರ 1

ನಾನು ಮನಶ್ಶಾಸ್ತ್ರವನ್ನು ಬೋಧಿಸುವವನು. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಗ್ರಾಂ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಆರಂಭಿಸಿದ ಪ್ರಯೋಗಗಳ ಬಗ್ಗೆ ಹಲವರು ಕೇಳಿರುತ್ತಾರೆ, ಆದರೆ ಆ ಪ್ರಯೋಗಗಳ ಒಂದೇ ಒಂದು ಅಂಕಿಯನ್ನು ಎಲ್ಲರೂ ಮತ್ತೆ ಮತ್ತೆ ಹೇಳುತ್ತಾ, ಉಳಿದುದನ್ನು ಮರೆತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಕಲಿಕೆಯ ಮೇಲೆ ಶಿಕ್ಷೆಯ ಪರಿಣಾಮವನ್ನು ತಿಳಿಯುವ ಅಧ್ಯಯನವೆಂದು ಹೇಳಿ ಸಾಮಾನ್ಯ ನಾಗರಿಕರನ್ನು ಕರೆಸಿ, ಪಕ್ಕದ ಕೋಣೆಯಲ್ಲಿ ಕುಳಿತ "ವಿದ್ಯಾರ್ಥಿ" ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುದಾಘಾತ ನೀಡುವಂತೆ ಅವರಿಗೆ ಸೂಚಿಸಲಾಗುತ್ತಿತ್ತು. ಎದುರಿಗಿದ್ದ ಯಂತ್ರದಲ್ಲಿ 15 ವೋಲ್ಟ್‌ನಿಂದ 450 ವೋಲ್ಟ್‌ವರೆಗೆ 30 ಸ್ವಿಚ್‌ಗಳಿದ್ದವು; ಒಂದೊಂದು ತಪ್ಪಿಗೆ ಒಂದೊಂದು ಸ್ವಿಚ್ ಮುಂದೆ ಹೋಗಬೇಕು. ಆಘಾತ ನಿಜವಾದುದಾಗಿರಲಿಲ್ಲ, "ವಿದ್ಯಾರ್ಥಿ" ಪ್ರಯೋಗಕಾರರ ಕಡೆಯವನೇ ಆಗಿದ್ದ, ಆದರೆ ಸ್ವಿಚ್ ಒತ್ತುವವರಿಗೆ ಇದನ್ನು ತಿಳಿಸಿರಲಿಲ್ಲ. 300 ವೋಲ್ಟ್ ತಲುಪಿದಾಗ ಆತ ಗೋಡೆಯನ್ನು ಗುದ್ದುತ್ತಿದ್ದ. 315ರ ನಂತರ ಆ ಕೋಣೆಯಿಂದ ಸದ್ದೇ ಬರುತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಂತೆ 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು.

ಅವರು ಕ್ರೂರಿಗಳಾಗಿರಲಿಲ್ಲ. ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು, ಒಳಗಿರುವವನಿಗೆ ಏನಾಗಿದೆಯೋ ನೋಡಿ ಎಂದು ಕೇಳಿಕೊಂಡರು. ಪ್ರಯೋಗಾಲಯದ ಕೋಟು ತೊಟ್ಟ ವ್ಯಕ್ತಿ ಶಾಂತವಾಗಿ "ದಯವಿಟ್ಟು ಮುಂದುವರಿಸಿ" ಎಂದಾಗ ಮತ್ತೆ ಸ್ವಿಚ್ ಒತ್ತಿದರು. ಇಂತಹ ಪ್ರಯೋಗದಲ್ಲಿ ಎಷ್ಟು ಮಂದಿ ಕೊನೆಯವರೆಗೆ ಹೋಗಬಹುದೆಂದು ಮನೋವೈದ್ಯರನ್ನು ಕೇಳಿದಾಗ, ಸಾವಿರಕ್ಕೆ ಸುಮಾರು ಒಬ್ಬರು ಹೋಗಬಹುದೆಂದು ಅವರು ಅಂದಾಜು ಮಾಡಿದ್ದರು.

ನಿಮ್ಮ ತರಬೇತಿಗೆ ಹೆಚ್ಚು ಉಪಯೋಗವಾಗುವುದು ಇದರ ಮುಂದಿನ ಭಾಗ. ಮಿಲ್ಗ್ರಾಂ ಸನ್ನಿವೇಶವನ್ನು ಹಲವು ರೀತಿಯಲ್ಲಿ ಬದಲಿಸಿ ನೋಡಿದರು. "ವಿದ್ಯಾರ್ಥಿ"ಯನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಯವರೆಗೆ ಹೋದವರು ಶೇಕಡ 40ಕ್ಕೆ ಇಳಿದರು. ಅವನ ಕೈಯನ್ನು ತಾವೇ ಹಿಡಿದು ವಿದ್ಯುತ್ ಫಲಕದ ಮೇಲೆ ಒತ್ತಬೇಕಾಗಿ ಬಂದಾಗ ಶೇಕಡ 30ಕ್ಕೆ. ಆಜ್ಞೆ ಕೊಡುವವರು ಕೋಣೆಯಿಂದ ಹೊರಗೆ ಹೋಗಿ ದೂರವಾಣಿಯಲ್ಲಿ ಸೂಚನೆ ಕೊಟ್ಟಾಗ ಸುಮಾರು ಐವರಲ್ಲಿ ಒಬ್ಬರು ಮಾತ್ರ ಪಾಲಿಸಿದರು. ಉಳಿದವರಲ್ಲಿ ಕೆಲವರು ಹೆಚ್ಚಿಸುತ್ತಿದ್ದೇವೆ ಎಂದು ಹೇಳುತ್ತಲೇ ಕಡಿಮೆ ವೋಲ್ಟ್‌ನ ಸ್ವಿಚ್ಚನ್ನೇ ಒತ್ತುತ್ತಿದ್ದರು. ಇಬ್ಬರು ಪ್ರಯೋಗಕಾರರು ಪರಸ್ಪರ ವಿರುದ್ಧವಾದ ಆಜ್ಞೆ ಕೊಟ್ಟಾಗ ಕೊನೆಯವರೆಗೆ ಯಾರೂ ಹೋಗಲಿಲ್ಲ. ಪಕ್ಕದಲ್ಲಿ ಕುಳಿತ ಇಬ್ಬರು ಸಹೋದ್ಯೋಗಿಗಳಂತಹವರು "ನಾವು ಮಾಡುವುದಿಲ್ಲ" ಎಂದು ಎದ್ದಾಗ 40 ಜನರಲ್ಲಿ ಕೇವಲ 4 ಮಂದಿ ಕೊನೆಯವರೆಗೆ ಹೋದರು. ಇದಕ್ಕೆ ತದ್ವಿರುದ್ಧವಾಗಿ, ಸ್ವಿಚ್ ಒತ್ತುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ತಮಗೆ ಪ್ರಶ್ನೆ ಓದುವಂತಹ ಪೂರಕ ಕೆಲಸ ಮಾತ್ರ ಉಳಿದಾಗ, 40ರಲ್ಲಿ 37 ಮಂದಿ ಕೊನೆಯವರೆಗೂ ಜೊತೆಗಿದ್ದರು. ನಿಮ್ಮ ಸಹಿಯ ಉದಾಹರಣೆ ಈ ಕೊನೆಯ ಬಗೆಗೆ ಬಹಳ ಹತ್ತಿರದ್ದು. ಯಂತ್ರವನ್ನು ಓಡಿಸುವವರು ಬೇರೆ, ಅದರಿಂದ ಪೆಟ್ಟು ತಿನ್ನುವವರು ಬೇರೆ. ನಡುವೆ ಕಾಗದದ ಮೇಲೆ ಹೆಸರು ಬರೆಯುವವರಿಗೆ ತಾವೂ ಏನೋ ಮಾಡುತ್ತಿದ್ದೇವೆ ಎಂಬ ಭಾವನೆಯೇ ಹುಟ್ಟುವುದಿಲ್ಲ.

ಈ ಪ್ರಯೋಗಗಳ ಬಗ್ಗೆ ಗಂಭೀರ ಟೀಕೆಗಳಿವೆ ಎಂಬುದನ್ನೂ ಹೇಳಬೇಕು. ಭಾಗವಹಿಸಿದವರನ್ನು ಮೋಸಗೊಳಿಸಿ ಮಾನಸಿಕ ಯಾತನೆಗೆ ಒಳಪಡಿಸಿದ್ದು ಸರಿಯಲ್ಲ. ಆಘಾತ ನಿಜವೇ ಎಂಬ ಅನುಮಾನ ಕೆಲವರಿಗೆ ಇತ್ತೆಂದು ಅನಂತರ ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿದ್ದಾರೆ. ಜೆರ್ರಿ ಬರ್ಗರ್ ಅವರು 150 ವೋಲ್ಟ್‌ಗೇ ನಿಲ್ಲಿಸುವಂತೆ ಮಿತಿ ಹಾಕಿ ಇದನ್ನೇ ಮತ್ತೆ ನಡೆಸಿ 2009ರಲ್ಲಿ ಪ್ರಕಟಿಸಿದಾಗಲೂ ಫಲಿತಾಂಶ ಹೆಚ್ಚು ಬದಲಾಗಿರಲಿಲ್ಲ. ಆದರೆ ಅಲ್ಲಿ ಒಂದು ಸೂಕ್ಷ್ಮ ಹೊರಬಿತ್ತು: "ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು" ಎಂಬ ಅತ್ಯಂತ ಕಟುವಾದ ಮಾತನ್ನು ಕೇಳಿದ ಮೇಲೆ ಯಾರೂ ಮುಂದುವರಿಸಲಿಲ್ಲ. ಬೆದರಿಕೆಗಿಂತ ಹೆಚ್ಚಾಗಿ, ತಾವೊಂದು ಒಳ್ಳೆಯ ಕಾರ್ಯದಲ್ಲಿ ಕೈಜೋಡಿಸಿದ್ದೇವೆ ಎಂಬ ನಂಬಿಕೆಯೇ ಜನರನ್ನು ನಡೆಸುತ್ತದೆ ಎಂದು ಅಲೆಕ್ಸ್ ಹ್ಯಾಸ್ಲಂ ಮತ್ತು ಸ್ಟೀಫನ್ ರೈಕರ್ ಎಂಬ ಸಂಶೋಧಕರು ವಾದಿಸುತ್ತಾರೆ. ನನಗೆ ಈ ವಾದ ಸರಿಯೆನಿಸುತ್ತದೆ, ಮತ್ತು ಇದು ಹೆಚ್ಚು ಭಯ ಹುಟ್ಟಿಸುವ ವಿವರಣೆಯೂ ಹೌದು, ಏಕೆಂದರೆ ಗದರಿಸುವ ಅಧಿಕಾರಿಯನ್ನು ಗುರುತಿಸುವುದು ಸುಲಭ. "ಸಂಸ್ಥೆಯ ಒಳಿತಿಗಾಗಿ ಇದೊಂದು ಸಹಾಯ ಮಾಡಿ" ಎಂದು ಸೌಜನ್ಯದಿಂದ ಕೇಳುವವರನ್ನು ಗುರುತಿಸುವುದು ಕಷ್ಟ.

ಉತ್ತರ 2

ನಾನು ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ಕಾಲ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಮೇಲಿನ ಉತ್ತರಕ್ಕೆ ನಮ್ಮ ವೃತ್ತಿಯ ಒಂದು ಅಧ್ಯಯನವನ್ನು ಸೇರಿಸಲು ಬಯಸುತ್ತೇನೆ. 1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಅಧ್ಯಯನದಲ್ಲಿ, ಪರಿಚಯವೇ ಇಲ್ಲದ "ಡಾಕ್ಟರ್" ಒಬ್ಬರು ವಾರ್ಡಿಗೆ ಫೋನ್ ಮಾಡಿ, ಒಬ್ಬ ರೋಗಿಗೆ ಆಸ್ಟ್ರೋಟೆನ್ ಎಂಬ ಔಷಧವನ್ನು 20 ಮಿಲಿಗ್ರಾಂ ಕೊಡುವಂತೆ ಹೇಳುತ್ತಿದ್ದರು. ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಔಷಧದ ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಫೋನಿನಲ್ಲಿ ಬಂದ ಸೂಚನೆಯ ಮೇಲೆ ಔಷಧ ಕೊಡಬಾರದೆಂಬ ನಿಯಮವೂ ಇತ್ತು. ಆದರೂ 22 ಶುಶ್ರೂಷಕಿಯರಲ್ಲಿ 21 ಮಂದಿ ಕೊಡಲು ಹೊರಟರು. ಕೊನೆಯ ಕ್ಷಣದಲ್ಲಿ ಅವರನ್ನು ತಡೆಯಲಾಯಿತು, ಪೆಟ್ಟಿಗೆಯಲ್ಲಿದ್ದದ್ದು ಹಾನಿಯಿಲ್ಲದ ಗುಳಿಗೆ. ಇದೇ ಸಂದರ್ಭವನ್ನು ಬಾಯಿಮಾತಿನಲ್ಲಿ ವಿವರಿಸಿ ಬೇರೆ ಶುಶ್ರೂಷಕಿಯರನ್ನು ಕೇಳಿದಾಗ 12 ಮಂದಿಯಲ್ಲಿ 10 ಮಂದಿ ತಾವು ಕೊಡುವುದಿಲ್ಲ ಎಂದಿದ್ದರು. ತರಗತಿಯಲ್ಲಿ ಕೈಯೆತ್ತಿ "ನಾನು ಸಹಿ ಹಾಕುವುದಿಲ್ಲ" ಎನ್ನುವವರ ಮೇಲೂ ಪೂರ್ತಿ ಭರವಸೆ ಇಡಬೇಡಿ ಎಂದು ನಾನು ನಿಮಗೆ ಹೇಳುವುದು ಇದಕ್ಕಾಗಿ.

ಆದರೆ 1977ರಲ್ಲಿ ಸ್ಟೀವನ್ ರ‍್ಯಾಂಕ್ ಮತ್ತು ಕಾರ್ಡೆಲ್ ಜೇಕಬ್ಸನ್ ಎಂಬವರು ಇದನ್ನು ಬದಲಿಸಿ ನೋಡಿದರು. ಈ ಬಾರಿ ಶುಶ್ರೂಷಕಿಯರಿಗೆ ಚೆನ್ನಾಗಿ ತಿಳಿದಿದ್ದ ವ್ಯಾಲಿಯಂ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವಂತೆ ಸೂಚಿಸಲಾಯಿತು, ಮತ್ತು ಸಹೋದ್ಯೋಗಿಗಳೊಡನೆ ಮಾತನಾಡಲು ಅವರಿಗೆ ಅವಕಾಶವಿತ್ತು. 18 ಮಂದಿಯಲ್ಲಿ ಇಬ್ಬರು ಮಾತ್ರ ಕೊಡಲು ಮುಂದಾದರು. ಈ ಎರಡು ಅಧ್ಯಯನಗಳ ನಡುವೆ ಶುಶ್ರೂಷಕಿಯರ ಸ್ವಭಾವವೇ ಬದಲಾಗಿಹೋಯಿತೆಂದು ನಾನು ನಂಬುವುದಿಲ್ಲ. ವಿಷಯದ ತಿಳಿವಳಿಕೆ ಇತ್ತು, ಕೇಳಲು ಪಕ್ಕದಲ್ಲಿ ಇನ್ನೊಬ್ಬರು ಇದ್ದರು. ಒಂಟಿಯಾಗಿ ನಿಂತವರು ತಮ್ಮ ಅನುಮಾನವನ್ನು ತಾವೇ ನಂಬುವುದಿಲ್ಲ. "ಡಾಕ್ಟರಿಗೆ ತಿಳಿಯದ್ದು ನನಗೇನು ತಿಳಿದೀತು" ಎಂದು ಸುಮ್ಮನಾಗುತ್ತಾರೆ. ಪಕ್ಕದವರು "ಹೌದಲ್ಲ, ಇದು ಹೆಚ್ಚಾಯಿತು" ಎಂದು ಒಂದು ಮಾತು ಹೇಳಿದರೆ ಸಾಕು, ಅದೇ ಅನುಮಾನಕ್ಕೆ ಕಾಲು ಬರುತ್ತದೆ.

ಬಾಯಿಮಾತಿನ ಸೂಚನೆಯನ್ನು ಬರೆದುಕೊಂಡು, ಹೇಳಿದವರಿಗೇ ತಿರುಗಿ ಓದಿ ಹೇಳಿ, ಅವರಿಂದ "ಸರಿ" ಅನ್ನಿಸಿಕೊಳ್ಳುವ ಪದ್ಧತಿ ಆಸ್ಪತ್ರೆಗಳಲ್ಲಿ ಬೆಳೆದಿರುವುದು ಇಂತಹ ಅಪಾಯಗಳನ್ನು ತಡೆಯಲಿಕ್ಕಾಗಿಯೇ. ಔಷಧದ ಹೆಸರನ್ನೂ ಪ್ರಮಾಣವನ್ನೂ ಇನ್ನೊಬ್ಬರ ಬಾಯಿಂದ ಕೇಳಿದಾಗ ಹೇಳಿದವರಿಗೇ ತಮ್ಮ ತಪ್ಪು ಹೊಳೆಯುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಅಲ್ಲಿ ಯಾರಿಗೂ ಅವಮಾನವಾಗುವುದಿಲ್ಲ, ಏಕೆಂದರೆ ಅದು ಎದುರುಮಾತಲ್ಲ, ಎಲ್ಲರೂ ಮಾಡಲೇಬೇಕಾದ ಕೆಲಸ.

ಉತ್ತರ 3

ಇಲ್ಲಿಯವರೆಗಿನ ಉತ್ತರಗಳನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಬೆಂಕಿ ಬಿದ್ದ ಕಟ್ಟಡದಲ್ಲಿ "ಈ ಮೆಟ್ಟಿಲಿನಿಂದ ಇಳಿಯಿರಿ" ಎಂದು ಹೇಳಿದ ಅಗ್ನಿಶಾಮಕ ಸಿಬ್ಬಂದಿಯನ್ನು ಕಾರಣ ಕೇಳುತ್ತಾ ನಿಲ್ಲಲಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ, ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, ಯುದ್ಧಭೂಮಿಯಲ್ಲಿ ಆಜ್ಞೆಗೆ ತಕ್ಷಣದ ಪಾಲನೆ ಸಿಗದಿದ್ದರೆ ಜೀವಗಳು ಹೋಗುತ್ತವೆ. ವೈದ್ಯರ ಮಾತನ್ನು ಧಿಕ್ಕರಿಸಿ, ಅರೆಬರೆ ತಿಳಿವಳಿಕೆಯನ್ನೇ ಸ್ವಂತ ವಿಚಾರವೆಂದು ಬಗೆದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅನುಮಾನಿಸುವುದನ್ನೇ ಗುಣವೆಂದು ಕಲಿಸಿದರೆ ನಾಳೆ ಪ್ರತಿಯೊಬ್ಬರೂ ತಮಗೆ ಇಷ್ಟವಿಲ್ಲದ ನಿಯಮವನ್ನು "ಅಂತಃಸಾಕ್ಷಿ"ಯ ಹೆಸರಿನಲ್ಲಿ ಮುರಿಯುತ್ತಾರೆ. ಎಲ್ಲಿ ಪಾಲಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಸ್ಪಷ್ಟವಾದ ಗೆರೆ ಇಲ್ಲದಿದ್ದರೆ ಈ ಚರ್ಚೆ ಹೊಸಬರಿಗೆ ಗೊಂದಲವನ್ನಷ್ಟೇ ಕೊಟ್ಟೀತು.

ಉತ್ತರ 4

ಗೆರೆಯ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ. ಕಾನೂನು ನನ್ನ ಕ್ಷೇತ್ರ. ಆಕ್ಷೇಪ ಎತ್ತಿದವರು ಹೇಳಿದ ಯುದ್ಧಭೂಮಿಯಲ್ಲಿಯೇ, ಅಂದರೆ ವಿಧೇಯತೆ ಅತ್ಯಂತ ಕಠಿಣವಾಗಿರುವ ಸ್ಥಳದಲ್ಲಿಯೇ, ಕಾನೂನು ಈ ಗೆರೆಯನ್ನು ಎಳೆದಿದೆ. ನಾಜಿ ನಾಯಕರ ವಿಚಾರಣೆಗಾಗಿ 1945ರಲ್ಲಿ ರೂಪಿಸಿದ ನ್ಯೂರೆಂಬರ್ಗ್ ಸನ್ನದಿನ 8ನೆಯ ವಿಧಿಯ ಪ್ರಕಾರ, ಮೇಲಿನವರ ಆಜ್ಞೆಯಂತೆ ನಡೆದೆ ಎಂಬುದು ಆರೋಪಿಯನ್ನು ಹೊಣೆಯಿಂದ ಬಿಡಿಸುವುದಿಲ್ಲ. ನ್ಯಾಯಮಂಡಳಿಗೆ ಸರಿಯೆಂದು ಕಂಡರೆ ಶಿಕ್ಷೆಯನ್ನು ಕಡಿಮೆ ಮಾಡಲು ಮಾತ್ರ ಅದನ್ನು ಪರಿಗಣಿಸಬಹುದು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 1950ರಲ್ಲಿ ಈ ತತ್ತ್ವವನ್ನು ನಿರೂಪಿಸುವಾಗ ಒಂದು ಷರತ್ತನ್ನು ಸೇರಿಸಿತು: ಆ ವ್ಯಕ್ತಿಗೆ ನೈತಿಕವಾಗಿ ಆಯ್ಕೆ ಮಾಡುವ ಅವಕಾಶ ನಿಜವಾಗಿಯೂ ಇದ್ದಿರಬೇಕು. ತಲೆಗೆ ಬಂದೂಕು ಹಿಡಿಸಿಕೊಂಡವನನ್ನೂ ಬಡ್ತಿ ತಪ್ಪೀತೆಂದು ಹೆದರಿದವನನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಈ ವ್ಯತ್ಯಾಸವನ್ನು ನಿಮ್ಮ ತರಬೇತಿಯಲ್ಲಿ ಒತ್ತಿ ಹೇಳಿರೆಂದು ಕೇಳಿಕೊಳ್ಳುತ್ತೇನೆ.

1956ರ ಅಕ್ಟೋಬರ್ 29ರಂದು ಇಸ್ರೇಲಿನ ಕಫ್ರ್ ಕಾಸಿಂ ಎಂಬ ಅರಬ್ ಹಳ್ಳಿಯಲ್ಲಿ ಕರ್ಫ್ಯೂವನ್ನು ಇದ್ದಕ್ಕಿದ್ದಂತೆ ಮೊದಲಿಗಿಂತ ಬೇಗನೆ ಆರಂಭಿಸಲಾಯಿತು. ಅದು ತಿಳಿಯದೆ ಹೊಲಗಳಿಂದ ಮರಳುತ್ತಿದ್ದ ಸುಮಾರು 50 ಮಂದಿಯನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಗಡಿ ಪೊಲೀಸರು ಗುಂಡಿಟ್ಟು ಕೊಂದರು. ಕರ್ಫ್ಯೂ ಮುರಿದವರಿಗೆ ಗುಂಡಿಡಬೇಕೆಂಬ ಆಜ್ಞೆ ಅಕ್ಕಪಕ್ಕದ ಹಳ್ಳಿಗಳಲ್ಲಿದ್ದ ತುಕಡಿಗಳಿಗೂ ಹೋಗಿತ್ತು. ಅಲ್ಲಿಯ ಅಧಿಕಾರಿಗಳು ತಡವಾಗಿ ಬಂದವರನ್ನು ಮನೆಗೆ ಹೋಗಲು ಬಿಟ್ಟರು. ಆಜ್ಞೆ ಒಂದೇ, ಸಂಜೆಯೂ ಒಂದೇ. ವಿಚಾರಣೆ ನಡೆಸಿದ ನ್ಯಾಯಾಧೀಶ ಬೆಂಜಮಿನ್ ಹಲೇವಿ ಅವರು ತೀರ್ಪಿನಲ್ಲಿ, ಪಾಲಿಸಬಾರದ ಆಜ್ಞೆಯ ಮೇಲೆ "ನಿಷೇಧ" ಎಂದು ಸಾರುವ ಕರಿಬಾವುಟ ಹಾರುತ್ತಿರುತ್ತದೆ ಎಂಬ ಅರ್ಥದ ಮಾತನ್ನು ಬರೆದರು. ಕಾನೂನಿನ ಪುಸ್ತಕ ತೆರೆಯದೆಯೇ ಸಾಮಾನ್ಯ ಮನುಷ್ಯನಿಗೆ ತಪ್ಪೆಂದು ಕಾಣುವ ಆಜ್ಞೆ ಅದು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ 33ನೆಯ ವಿಧಿಯೂ "ಮೇಲ್ನೋಟಕ್ಕೇ ಕಾನೂನುಬಾಹಿರ"ವಾದ ಆಜ್ಞೆಗೆ ರಕ್ಷಣೆ ಕೊಡುವುದಿಲ್ಲ.

ಆದ್ದರಿಂದ ಆಕ್ಷೇಪ ಎತ್ತಿದವರಿಗೆ ನನ್ನ ಉತ್ತರ ಇಷ್ಟು. ಅಗ್ನಿಶಾಮಕ ಸಿಬ್ಬಂದಿಯ ಮಾತನ್ನು ನಾವು ಕೇಳುವುದು ಆ ಕೆಲಸವನ್ನು ಅವರು ಬಲ್ಲರು ಎಂಬ ಕಾರಣಕ್ಕೆ, ಮತ್ತು ಆ ಮಾತು ಆ ಕೆಲಸದ ಮಿತಿಯೊಳಗೇ ಇದೆ ಎಂಬ ಕಾರಣಕ್ಕೆ. ಅದೇ ವ್ಯಕ್ತಿ ಒಳಗಿರುವವರನ್ನು ಬಿಟ್ಟು ಬಾಗಿಲು ಹಾಕು ಎಂದರೆ, ಅವರ ಸಮವಸ್ತ್ರ ಆ ಆಜ್ಞೆಗೆ ಬೆಂಬಲವಾಗಲಾರದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದು ಶಿಸ್ತಲ್ಲ, ಶಿಸ್ತಿರುವ ಕಡೆ ಮೊದಲು ಕೊಟ್ಟಿಗೆಗೆ ಹೋಗಿ ನೋಡುತ್ತಾರೆ.

ಉತ್ತರ 5

ವಿಮಾನಯಾನದ ಸುರಕ್ಷತೆಯಲ್ಲಿ ಆಸಕ್ತಿ ಇರುವವನಾಗಿ, ಎರಡನೆಯ ಭಾಗಕ್ಕೆ ಉತ್ತರಿಸುತ್ತೇನೆ: ಕಲಿಸಲು ಸಾಧ್ಯ, ಕಲಿಸಿದ್ದಾರೆ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ, ಮಂಜು ಕವಿದ ರನ್‌ವೇ ಮೇಲೆ, ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯಲ್ಲಿ 747ರ ತರಬೇತಿಯ ಮುಖ್ಯಸ್ಥರಾಗಿದ್ದರು. ಪಕ್ಕದಲ್ಲಿದ್ದ ಸಹಪೈಲಟ್ ಈ ಬಗೆಯ ವಿಮಾನ ನಡೆಸಲು ಅರ್ಹನೆಂದು ಪರೀಕ್ಷಿಸಿದವರೂ ಅವರೇ. ಕ್ಯಾಪ್ಟನ್ ಮೊದಲ ಸಲ ವೇಗ ಹೆಚ್ಚಿಸಲು ಹೊರಟಾಗ ಸಹಪೈಲಟ್ ಇನ್ನೂ ಅನುಮತಿ ಬಂದಿಲ್ಲವೆಂದು ತಡೆದರು. ಎರಡನೆಯ ಸಲ ಹೊರಟಾಗಲೂ ಟೇಕಾಫ್‌ಗೆ ಅನುಮತಿ ಇರಲಿಲ್ಲ, ಆದರೆ ಅವರು ಮತ್ತೆ ತಡೆಯಲಿಲ್ಲ. ರೇಡಿಯೊ ಕೇಳಿಸಿಕೊಂಡ ಫ್ಲೈಟ್ ಎಂಜಿನಿಯರ್, ಆ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಎಂದು ದೃಢವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಮಾತನಾಡಲಿಲ್ಲ. ಆ ಎಂಜಿನಿಯರಿನ ಅನುಮಾನ ಸರಿಯಾಗಿತ್ತು. ಅದು ಪ್ರಶ್ನೆಯ ರೂಪದಲ್ಲಿ ಬಂದು, ಒಂದೇ ಉತ್ತರಕ್ಕೆ ಶರಣಾಯಿತು.

1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಇದಕ್ಕೊಂದು ಕ್ರಮಬದ್ಧ ತರಬೇತಿ ರೂಪುಗೊಂಡಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಅದನ್ನು ತನ್ನ ಸಿಬ್ಬಂದಿಗೆ ಕೊಡಲು ಆರಂಭಿಸಿತು, ಇಂದು ಜಗತ್ತಿನ ವಿಮಾನಯಾನದಲ್ಲಿ ಅದು ಸಾಮಾನ್ಯವಾಗಿದೆ. ಕಿರಿಯರು ಮೊದಲು ತಮ್ಮ ಕಳವಳವನ್ನು ಹೇಳಬೇಕು, ಆಮೇಲೆ ಅಪಾಯವನ್ನು ಹೆಸರಿಸಬೇಕು, ಆಮೇಲೂ ಸ್ಪಂದನೆ ಇಲ್ಲದಿದ್ದರೆ ಮಾಡಬೇಕಾದ ಕೆಲಸವನ್ನು ನೇರವಾಗಿ ಸೂಚಿಸಬೇಕು ಎಂಬಂತಹ ಮೆಟ್ಟಿಲುಗಳನ್ನು ಅಲ್ಲಿ ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡಿಸುತ್ತಾರೆ. ಕ್ಯಾಪ್ಟನ್ನರಿಗೂ ಅಷ್ಟೇ ಕಟ್ಟುನಿಟ್ಟಾಗಿ ಕೇಳಿಸಿಕೊಳ್ಳುವುದನ್ನು ಕಲಿಸುತ್ತಾರೆ. ಕೊನೆಯ ಮಾತು ಕ್ಯಾಪ್ಟನ್ನರದೇ, ಅಧಿಕಾರವೇನೂ ಕರಗಿಹೋಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತಿರುಗಿ ಓದಿ ಹೇಳುವ ಪದ್ಧತಿಯನ್ನೂ, ಮೆಟ್ಟಿಲು ಮೆಟ್ಟಿಲಾಗಿ ಕಳವಳ ಹೇಳುವ ಅಭ್ಯಾಸವನ್ನೂ ಮುಂದಿನ ತಂಡದಿಂದಲೇ ಸೇರಿಸುತ್ತೇನೆ. ಒಂದು ಮಾತು ಮಾತ್ರ ಉಳಿದಿದೆ. "ನಾನು ಸಹಿ ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಾರೆ, ಯಂತ್ರ ಹೇಗೂ ಓಡುತ್ತದೆ, ಕೆಲಸ ಹೋಗುವುದು ನನ್ನದು" ಎನ್ನುವವರಿಗೆ ಪ್ರಾಮಾಣಿಕವಾಗಿ ಏನು ಹೇಳಲಿ?

ಉತ್ತರ 4 ಬರೆದವರಿಂದ

ಅವರು ಹೇಳುವುದು ಸುಳ್ಳಲ್ಲ, ಹಾಗಾಗಿ ಅದನ್ನು ಒಪ್ಪಿಕೊಂಡೇ ಮಾತು ಆರಂಭಿಸಿ. 1986ರ ಜನವರಿ 27ರ ರಾತ್ರಿ, ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು, ಚಳಿಯಲ್ಲಿ ರಾಕೆಟ್‌ನ ಜೋಡಣೆಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಬಿಗಿಯಾಗಿ ಕೂರಲಾರವು, ಉಡಾವಣೆ ಬೇಡ ಎಂದು ವಾದಿಸಿದರು. ಕಂಪನಿಯ ಆಡಳಿತ ಅವರ ಮಾತನ್ನು ತಳ್ಳಿಹಾಕಿತು. ಉಡಾವಣಾ ಕೇಂದ್ರದಲ್ಲಿದ್ದ ಕಂಪನಿಯ ಹಿರಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ನಿರಾಕರಿಸಿದರು. ಅವರ ಮೇಲಧಿಕಾರಿಯೊಬ್ಬರು ಸಹಿ ಹಾಕಿ ಕಳುಹಿಸಿದರು. ಮರುದಿನ, ಹೊರಟ 73 ಸೆಕೆಂಡುಗಳಲ್ಲಿ ನೌಕೆ ಒಡೆದು ಏಳು ಮಂದಿ ಸತ್ತರು. ನಿರಾಕರಣೆ ಅವರನ್ನು ಉಳಿಸಲಿಲ್ಲ.

ಆದರೆ ತನಿಖಾ ಆಯೋಗದ ಮುಂದೆ, ಆ ರಾತ್ರಿ ಏನು ನಡೆಯಿತೆಂದು ಮೆಕ್‌ಡೊನಾಲ್ಡ್ ಹೇಳಿದ್ದರಿಂದ ಸತ್ಯ ಹೊರಗೆ ಬಂತು. ಕಂಪನಿ ಅವರನ್ನು ಕೆಳದರ್ಜೆಗೆ ಇಳಿಸಿತು. ಅಮೆರಿಕದ ಸಂಸತ್ ಸದಸ್ಯರು ಮಧ್ಯೆ ಪ್ರವೇಶಿಸಿದ ಮೇಲೆ ಮತ್ತೆ ಮೇಲಕ್ಕೆ ತಂದು, ರಾಕೆಟ್‌ನ ಮರುವಿನ್ಯಾಸದ ಹೊಣೆಯನ್ನೇ ಅವರಿಗೆ ವಹಿಸಿತು. ಎಲ್ಲರಿಗೂ ಹೀಗೆ ಕೈಹಿಡಿಯುವವರು ಸಿಗುವುದಿಲ್ಲ ಎಂಬುದನ್ನು ಮುಚ್ಚಿಡಬೇಡಿ. ಸಹಿ ಹಾಕದವರನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ತರಬೇತಿಗೆ ಬರುವ ಹೊಸಬರಲ್ಲ, ಅವರ ಮೇಲಿನವರು. ನಿಮ್ಮ ಸಂಸ್ಥೆ ಒಪ್ಪುವುದಾದರೆ ಮುಂದಿನ ಸಲ ಆ ಮೇಲಧಿಕಾರಿಗಳನ್ನೂ ಅದೇ ಕೋಣೆಯಲ್ಲಿ ಕೂರಿಸಿ, ಸಹಿಯ ಪ್ರಶ್ನೆಯನ್ನು ಮೊದಲು ಅವರ ಮುಂದಿಡಿ: ನಿಮ್ಮ ಕೈಕೆಳಗಿನವರು "ಹಾಕುವುದಿಲ್ಲ" ಎಂದರೆ ನೀವು ಏನು ಮಾಡುವಿರಿ? ಅವರ ಉತ್ತರ ಹೊಸಬರ ಕಿವಿಗೆ ಬೀಳಲಿ, ಬರವಣಿಗೆಯಲ್ಲೂ ಇರಲಿ.